ನಂಬರ್ ಇದೆ, ಕರೆ ಮಾಡಿ

ಮುಂಗಾರು ಬಂತೆಂದು ಕೊಡಗಿನವರಿಗೆ ತಿಳಿಸಲು ಹವಾಮಾನ ಇಲಾಖೆ ಬೇಕಾಗಿಲ್ಲ. ಪತ್ರಿಕೆಯ ಒಳಪುಟದಲ್ಲಿ ಸಹಾಯವಾಣಿಗಳ ಪಟ್ಟಿ ಕಾಣಿಸಿತೆಂದರೆ ನಾವು ಸೌದೆಯನ್ನು ಒಳಗೆ ಸಾಗಿಸುತ್ತೇವೆ, ಛತ್ರಿಯ ಕಡ್ಡಿ ನೋಡಿಕೊಳ್ಳುತ್ತೇವೆ. ಈ ವರ್ಷವೂ ಬಂದಿದೆ, ನೀವೂ ನೋಡಿರುತ್ತೀರಿ. ಆಡಳಿತ ಸರ್ವಸನ್ನದ್ಧ, ಸಾರ್ವಜನಿಕರು ಆತಂಕಪಡಬೇಕಾಗಿಲ್ಲ, ಅಗತ್ಯವಿದ್ದವರು ಕೆಳಕಂಡ ಸಂಖ್ಯೆಗಳನ್ನು ಸಂಪರ್ಕಿಸಬಹುದು ಎನ್ನುವ ಅದೇ ಸುದ್ದಿ.

ಪಟ್ಟಿ ತಯಾರಿಸಿದವರ ಶ್ರದ್ಧೆಯನ್ನು ಮೆಚ್ಚಲೇಬೇಕು. ಗುಡ್ಡ ಜರಿದರೆ 1077, ಕಳ್ಳ ಬಂದರೆ 112, ಎದೆ ನೋವು ಬಂದರೆ 108, ಕರೆಂಟು ಹೋದರೆ 1912, ಕಾಡಿನಿಂದ ಆನೆ ಬಂದರೆ 1926. ಮಹಿಳೆಯರಿಗೆ 181, ಮಕ್ಕಳಿಗೆ 1098, ಹಿರಿಯ ನಾಗರಿಕರಿಗೆ 14567, ಇಷ್ಟೆಲ್ಲ ಓದಿ ಮನಸ್ಸು ಕುಸಿದವರಿಗೆ 14416. ಯಾವುದರಿಂದಲೂ ಕೆಲಸವಾಗದಿದ್ದರೆ ಆ ದುಃಖವನ್ನು ಹೇಳಿಕೊಳ್ಳಲು 1902. ಹುಟ್ಟಿನಿಂದ ಚಟ್ಟದವರೆಗಿನ ಯಾವ ಕಷ್ಟಕ್ಕೂ ಸಂಖ್ಯೆಯಿಲ್ಲ ಎನ್ನುವ ಹಾಗಿಲ್ಲ. ಒಂದು ಪಂಚಾಯಿತಿಯ ಗೋಡೆಯ ಮೇಲೆ ಈ ಪಟ್ಟಿಯ ಕೊನೆಗೆ ರೈಲ್ವೆ ವಿಚಾರಣೆಯ 139 ಕೂಡ ಬರೆಸಿದ್ದಾರೆ. ಜಿಲ್ಲೆಯಲ್ಲಿ ಒಂದು ಗಜ ರೈಲು ಹಳಿಯಿಲ್ಲ. ಆದರೂ ಅದನ್ನು ಅಳಿಸಬಾರದೆಂದು ನನ್ನ ಮನವಿ. ಕರೆ ಮಾಡಿದ ಕೂಡಲೇ ಖಚಿತ ಉತ್ತರ ಸಿಗುವ ಸಂಖ್ಯೆ ಅದೊಂದೇ: ನಿಮ್ಮ ಊರಿಗೆ ರೈಲಿಲ್ಲ.

ಇನ್ನು ಕರೆ ಮಾಡುವ ವಿಷಯ. ಮೊದಲ ಗಾಳಿಗೆ ಒಂದು ಸಿಲ್ವರ್ ಮರ ತಂತಿಯ ಮೇಲೆ ಮಲಗುತ್ತದೆ. ಕರೆಂಟು ಹೋಗುತ್ತದೆ. ಟವರಿನ ಬ್ಯಾಟರಿ ಸಂಜೆಯವರೆಗೆ ಉಸಿರಾಡುತ್ತದೆ, ಆಮೇಲೆ ಜನರೇಟರಿಗೆ ಡೀಸೆಲ್ ಇಲ್ಲ. ಹೀಗೆ ಯಾವ ದಿನ ಸಹಾಯ ಬೇಕೋ ಆ ದಿನ ಸಹಾಯವಾಣಿಗೆ ವಾಣಿಯಿಲ್ಲ. ಫೆಬ್ರವರಿಯ ತಿಳಿಬಿಸಿಲಿನಲ್ಲಿ ಕರೆ ಮಾಡಿ ನೋಡಿ, ಒಂದೇ ರಿಂಗಿಗೆ ಎತ್ತುತ್ತಾರೆ. ‘ಏನು ತೊಂದರೆ?’ ಎಂದು ಕೇಳಿದರೆ, ಸದ್ಯಕ್ಕೆ ಏನೂ ಇಲ್ಲ ಎಂದು ನಾವೇ ಸಂಕೋಚಪಟ್ಟುಕೊಂಡು ಇಡಬೇಕು.

ಹಾಗೆಂದು ಊರಿನಲ್ಲಿ ರೇಂಜೇ ಸಿಗುವುದಿಲ್ಲ ಎಂದಲ್ಲ. ಪ್ರತಿ ಊರಿಗೂ ಒಂದು ತಿರುವು ಇರುತ್ತದೆ. ನಮ್ಮದು ಬಸ್ ತಂಗುದಾಣದ ಮೇಲಿನ ಏರಿನಲ್ಲಿದೆ. ಅಲ್ಲಿ ನಿಂತು ಮೊಬೈಲನ್ನು ಎಡಗಿವಿಗೆ ಹಿಡಿದು ಬ್ರಹ್ಮಗಿರಿಯ ಕಡೆ ಮುಖ ಮಾಡಿದರೆ ಎರಡು ಕಡ್ಡಿ ಬರುತ್ತವೆ, ಬಲಗಿವಿಗೆ ಹಿಡಿದರೆ ಒಂದೇ. ಇದರ ವಿಜ್ಞಾನ ಕೇಳಬೇಡಿ. ಸಂಜೆ ಐದರ ಮೇಲೆ ಅಲ್ಲಿ ಛತ್ರಿಗಳ ಸಂತೆ. ಯಾರ ಮಗ ಬೆಂಗಳೂರಿನಲ್ಲಿ ಕೆಲಸ ಬಿಟ್ಟ, ಯಾರ ಮನೆಯ ಕಾಫಿ ಚೆರ್ರಿ ಯಾವ ದರಕ್ಕೆ ಹೋಯಿತು, ಯಾರ ಸೊಸೆ ತವರಿಗೆ ಹೋಗಿ ಎಷ್ಟು ದಿನವಾಯಿತು, ಎಲ್ಲವೂ ಗಟ್ಟಿ ಧ್ವನಿಯಲ್ಲಿ ಊರಿಗೆ ತಿಳಿಯುತ್ತದೆ. ಮೆಲ್ಲಗೆ ಮಾತನಾಡಿದರೆ ಆ ಕಡೆಯವರಿಗೆ ಕೇಳುವುದಿಲ್ಲವಲ್ಲ! ಒಂದೆರಡು ಮದುವೆ ಸಂಬಂಧಗಳು ಆ ತಿರುವಿನಲ್ಲೇ ಕುದುರಿವೆ, ಒಂದು ಪಾಲು ವ್ಯಾಜ್ಯ ಅಲ್ಲೇ ಶುರುವಾಗಿದೆ. ಆಶಾ ಕಾರ್ಯಕರ್ತೆ ತನ್ನ ಮೊಬೈಲಿನ ವರದಿಗಳನ್ನು ಕಳುಹಿಸುವುದೂ ಅಲ್ಲಿಂದಲೇ, ಮಳೆಯಲ್ಲಿ ನಿಂತು. ನಮ್ಮೂರಿನ ನಿಜವಾದ ಸಮುದಾಯ ಭವನ ಆ ತಿರುವು. ಸರ್ಕಾರಿ ದುಡ್ಡಿನಲ್ಲಿ ಕಟ್ಟಿದ ಸಮುದಾಯ ಭವನ ಕೆಳಗಿದೆ, ಅದರಲ್ಲಿ ಗುತ್ತಿಗೆದಾರರ ಸಿಮೆಂಟು ಮೂಟೆಗಳು ಬೆಚ್ಚಗಿವೆ.

ರೇಂಜಿಲ್ಲದೆಯೂ ಪ್ರತಿ ಮನೆಗೂ ತಲುಪುವ ಸರ್ಕಾರಿ ಸೇವೆ ಒಂದಿದೆ. ಅದು ಮಳೆ ರಜೆ. ಆದೇಶಕ್ಕೆ ಸಹಿ ಬೀಳುವ ಮೊದಲೇ ಮೂರನೇ ತರಗತಿಯ ಹುಡುಗನಿಗೆ ಗೊತ್ತಿರುತ್ತದೆ. ವಿಧವಾ ವೇತನದ ಸುದ್ದಿಯನ್ನೂ ಈ ಹುಡುಗರ ಕೈಗೆ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಎಲ್ಲರಿಗೂ ಮುಟ್ಟಿರುತ್ತಿತ್ತು.

ಅಂತೂ ಕರೆ ಹೋಯಿತು ಎನ್ನೋಣ. ಆ ಕಡೆಯ ಹೆಣ್ಣುಮಗಳು ಬಹಳ ವಿನಯದಿಂದ ವಿಳಾಸ ಕೇಳುತ್ತಾಳೆ. ಮನೆ ನಂಬರ್? ಎಷ್ಟನೇ ಅಡ್ಡರಸ್ತೆ? ಹತ್ತಿರದ ಗುರುತು? ಕೊಡಗಿನಲ್ಲಿ ಮನೆಗೆ ಮನೆತನದ ಹೆಸರಿದೆ, ಅಡ್ಡರಸ್ತೆ ಇಲ್ಲ. ‘ಮುಖ್ಯರಸ್ತೆ ಬಿಟ್ಟು, ಕಡಂಗ ದಾಟಿ, ಮಂದ್ ಕಳೆದ ಮೇಲೆ ಆನೆ ಮುರಿದ ಗೇಟು ಸಿಗುತ್ತದೆ, ಅದರ ಒಳಗೆ’ ಎಂದು ಹೇಳುತ್ತೇವೆ. ಕಡಂಗ ಎಂದರೆ ಹಳೆಯ ಕಾಲದ ಕಂದಕ, ಮಂದ್ ಎಂದರೆ ಊರವರು ಸೇರುವ ಬಯಲು. ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ನಿಖರವಾದ ವಿಳಾಸ ಭೂಮಿಯ ಮೇಲಿಲ್ಲ. ತೊಂದರೆ ಎಂದರೆ ಆನೆ ಇನ್ನೂ ಮೂರು ಗೇಟುಗಳನ್ನು ಮುರಿದಿರುತ್ತದೆ. ಆಕೆ ಪಿನ್‌ಕೋಡ್ ಕೇಳುವಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿ ಎರಡು ಕಡ್ಡಿಯೂ ಹೋಗುತ್ತವೆ. ಆಕೆಯದೇನೂ ತಪ್ಪಿಲ್ಲ. ಆಕೆಯ ಮುಂದಿರುವ ಪರದೆಯಲ್ಲಿ ಕಡಂಗಕ್ಕೆ ಜಾಗವಿಲ್ಲ, ಅಷ್ಟೇ.

ಆಂಬುಲೆನ್ಸಿನ ಕಥೆ ನಾನು ಹೇಳುವುದಿಲ್ಲ. ಅದು ಬಂದ ಮೇಲೂ ದೊಡ್ಡ ಕಾಯಿಲೆಯಾದರೆ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರಿಗೆ ಅದಕ್ಕಿಂತ ಹೆಚ್ಚು. 2019ರಲ್ಲಿ ಇಲ್ಲಿನ ಹುಡುಗರು ಕೊಡಗಿಗೊಂದು ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಸಾಮಾಜಿಕ ಜಾಲತಾಣದಲ್ಲಿ ಕೂಗಿದರು, ದೇಶವೆಲ್ಲ ಕೇಳಿತು. ಕೂಗಿದ ಹುಡುಗರಿಗೆ ಈಗ ಮಕ್ಕಳಾಗಿರಬೇಕು.

ಹೊಗಳಲೇಬೇಕಾದ ಇನ್ನೊಂದು ಸಂಗತಿ ಸಕಾಲ. 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ‘ಇಂದು ನಾಳೆ ಇನ್ನಿಲ್ಲ’ ಎಂದು ಫಲಕ ಹಾಕಿದ್ದರು. ಹೇಳಿದ ಅವಧಿಯಲ್ಲಿ ಸೇವೆ ಕೊಡದಿದ್ದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ ಪರಿಹಾರ, ಗರಿಷ್ಠ 500 ರೂಪಾಯಿ. ಲೆಕ್ಕ ಹಾಕಿ: ಇಪ್ಪತ್ತೈದು ದಿನಕ್ಕೆ ಮಿತಿ ಮುಟ್ಟಿತು. ಇಪ್ಪತ್ತಾರನೆಯ ದಿನದಿಂದ ಎಷ್ಟು ತಡ ಮಾಡಿದರೂ ಪುಕ್ಕಟೆ. ಆ 20 ರೂಪಾಯಿಯನ್ನು ಪಡೆಯಲು ಮತ್ತೆ ಮೇಲ್ಮನವಿ ಸಲ್ಲಿಸಬೇಕು, ಮೇಲ್ಮನವಿಗೆ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕು. ಹೆಂಗಸರಿಗೆ ಬಸ್ ಉಚಿತವಲ್ಲವೇ ಎನ್ನಬೇಡಿ. ಉಚಿತ ಇರುವುದು ಸರ್ಕಾರಿ ಬಸ್ಸಿನಲ್ಲಿ, ನಮ್ಮ ಏರು ಹತ್ತಿ ಬರುವುದು ಖಾಸಗಿ ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಲಾಭ ಪಡೆಯಲು ನಮ್ಮೂರಿನ ಹೆಂಗಸರು ಟಿಕೆಟ್ ಕೊಟ್ಟು ಪಟ್ಟಣದವರೆಗೆ ಹೋಗುತ್ತಿದ್ದಾರೆ.

ಇದೆಲ್ಲ ಮಾಹಿತಿಯ ಕೊರತೆ ಎಂದು ಮೇಲಿನವರಿಗೆ ಅನಿಸಿದೆ. ಆದ್ದರಿಂದ ಅರಿವು ಕಾರ್ಯಕ್ರಮಗಳು ನಡೆಯುತ್ತವೆ. ಇತ್ತೀಚೆಗೆ ಅಂಥದ್ದೊಂದಕ್ಕೆ ಹೋಗಿದ್ದೆ. ‘ಸಮುದಾಯಕ್ಕೆ ಲಭ್ಯವಿರುವ ಸೇವೆಗಳು’ ಎಂದು ಬ್ಯಾನರ್. ದೀಪ ಹಚ್ಚಲು ಹನ್ನೊಂದು ಮಂದಿ, ದೀಪಕ್ಕೆ ಐದೇ ಬತ್ತಿ. ಸ್ವಾಗತ, ಪ್ರಾಸ್ತಾವಿಕ, ಶಾಲು, ಹಣ್ಣಿನ ಬುಟ್ಟಿ. ಅಧ್ಯಕ್ಷರು ಬರುವುದು ತಡವಾದ್ದರಿಂದ ಅವರಿಗಾಗಿ ಇನ್ನೊಮ್ಮೆ ಸ್ವಾಗತ. ಸಭಾಂಗಣ ಕಿಕ್ಕಿರಿದಿತ್ತು. ಪಕ್ಕದಲ್ಲಿ ಕುಳಿತ ಅಕ್ಕನನ್ನು ಎಲ್ಲಿಂದ ಬಂದಿರಿ ಎಂದು ಕೇಳಿದೆ. ಆಕೆ ಅಂಗನವಾಡಿ ಕಾರ್ಯಕರ್ತೆ. ಅದರಾಚೆಯವರೂ ಅಂಗನವಾಡಿ. ಮುಂದಿನ ಸಾಲು ಪೂರ್ತಿ ಆಶಾ ಕಾರ್ಯಕರ್ತೆಯರು. ಕುರ್ಚಿ ಖಾಲಿ ಕಾಣಬಾರದೆಂದು ಎಲ್ಲರಿಗೂ ಬರಲು ಸೂಚನೆ ಹೋಗಿತ್ತಂತೆ. ಅಂದರೆ ಸೇವೆ ಕೊಡುವವರನ್ನು ಸೇವೆಯಿಂದ ಎಬ್ಬಿಸಿ ತಂದು, ನೀವು ಏನೇನು ಸೇವೆ ಕೊಡುತ್ತೀರಿ ಎಂದು ಅವರಿಗೇ ಎರಡು ಗಂಟೆ ತಿಳಿಸಲಾಯಿತು. ಸೇವೆ ಬೇಕಾದವರು ಆ ಹೊತ್ತಿಗೆ ಬಾಗಿಲು ಹಾಕಿದ ಅಂಗನವಾಡಿಯ ಮುಂದೆ ನಿಂತಿದ್ದರು. ಊಟ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ವೇದಿಕೆ ಎಂದ ಕೂಡಲೇ 2018ರ ಆಗಸ್ಟ್ ನೆನಪಾಗುತ್ತದೆ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಜನ ಪರಿಹಾರ ಕೇಂದ್ರಗಳ ಚಾಪೆಯ ಮೇಲಿದ್ದರು. ಮಡಿಕೇರಿಯಲ್ಲಿ ಕೇಂದ್ರದ ಸಚಿವೆಗೂ ರಾಜ್ಯದ ಉಸ್ತುವಾರಿ ಸಚಿವರಿಗೂ ಯಾರ ವೇಳಾಪಟ್ಟಿಯಂತೆ ಯಾರು ನಡೆಯಬೇಕೆಂದು ಕ್ಯಾಮೆರಾಗಳ ಮುಂದೆಯೇ ಜಟಾಪಟಿ. ಆ ವಾರ ಸಹಾಯವಾಣಿಯ ಪಟ್ಟಿ ಓದುವ ಪುರುಸೊತ್ತು ಯಾರಿಗೂ ಇರಲಿಲ್ಲ. ಜೀಪು ಇದ್ದವರು ಜೀಪು ತಂದರು, ಹಗ್ಗ ಇದ್ದವರು ಹಗ್ಗ ತಂದರು. ಗುರುತು ಪರಿಚಯ ಇಲ್ಲದವರ ಅಡುಗೆಮನೆಯಲ್ಲಿ ಗಂಜಿ ಬೆಂದಿತು. ಯಾವ ಅಡ್ಡರಸ್ತೆ ಎಂದು ಯಾರೂ ಕೇಳಲಿಲ್ಲ.

ನಗು ಇಷ್ಟಕ್ಕೇ ಸಾಕು. ಪಕ್ಕದ ತೋಟದ ಲೈನ್ ಮನೆಯಲ್ಲಿ, ಅಂದರೆ ಕಾರ್ಮಿಕರಿಗೆಂದು ತೋಟದವರು ಸಾಲಾಗಿ ಕಟ್ಟಿಸಿದ ಮನೆಯಲ್ಲಿ, ಒಬ್ಬ ಅಜ್ಜಿ ಇದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ವೃದ್ಧರ ಪಿಂಚಣಿ ಸಂಧ್ಯಾ ಸುರಕ್ಷಾದ 1,200 ರೂಪಾಯಿ ಬರುತ್ತಿತ್ತು, ನಿಂತುಹೋಯಿತು. ಬ್ಯಾಂಕಿಗೆ ಹೋದರೆ ಆಧಾರ್ ಜೋಡಣೆಯಾಗಿಲ್ಲ ಎಂದರು. ಜೋಡಿಸಿ ಎಂದರೆ ಬೆರಳು ಇಡಿ ಎಂದರು. ಬೆರಳು ಇಟ್ಟರು, ಯಂತ್ರ ಒಪ್ಪಲಿಲ್ಲ. ಇನ್ನೊಂದು ಬೆರಳು, ಅದನ್ನೂ ಒಪ್ಪಲಿಲ್ಲ. ಹದಿಮೂರನೆಯ ವಯಸ್ಸಿನಿಂದ ಕಾಫಿ ಕೊಯ್ದು, ಕಳೆ ಕಿತ್ತು, ಚಿಗುರು ತೆಗೆದ ಕೈ. ಹಳೆಯ ಕಲ್ಲಿನ ಮೆಟ್ಟಿಲಿನ ಹಾಗೆ ನುಣ್ಣಗೆ ಸವೆದಿದೆ. ಕ್ರೀಮ್ ಹಚ್ಚಿಕೊಂಡು ನಾಳೆ ಬನ್ನಿ ಎಂದು ಕೌಂಟರಿನ ಹುಡುಗ ಸಲಹೆ ಕೊಟ್ಟ. ಆಮೇಲೆ ಹೆಸರಿನಲ್ಲಿ ಒಂದು ಅಕ್ಷರ ವ್ಯತ್ಯಾಸ ಕಂಡಿತು. ತಿದ್ದಲು ಹೋದಾಗ ವಿಳಾಸವೂ ಹಳೆಯದು, ಹೊಸದಕ್ಕೆ ದಾಖಲೆ ತನ್ನಿ ಎಂದರು. ಲೈನ್ ಮನೆಗೆ ಎಲ್ಲಿಯ ದಾಖಲೆ? ಮನೆ ತೋಟದ್ದು, ಕರೆಂಟಿನ ಬಿಲ್ಲು ತೋಟದ ಹೆಸರಿನಲ್ಲಿ. ತೋಟದ ಲೆಕ್ಕ ಬರೆಯುವ ರೈಟರ್ ಒಳ್ಳೆಯವನೇ, ಆದರೆ ಸಾಹುಕಾರರನ್ನು ಕೇಳದೆ ಪತ್ರ ಕೊಡಲಾರ. ಸಾಹುಕಾರರು ಬೆಂಗಳೂರಿನಲ್ಲಿದ್ದಾರೆ. ಪತ್ರ ಕೊಟ್ಟರೆ ನಾಳೆ ಮನೆಯೇ ತನ್ನದೆಂದು ಕೂತಾರು ಎಂಬ ಅಂಜಿಕೆ ಇಲ್ಲಿ ಎಷ್ಟೋ ಮಾಲೀಕರಿಗೆ ಇದೆ, ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಐವತ್ತು ವರ್ಷಕ್ಕೂ ಮೇಲೆ ಈ ಜಿಲ್ಲೆಯ ಕಾಫಿಯನ್ನು ಕೊಯ್ದ ಹೆಂಗಸಿಗೆ ಈ ಜಿಲ್ಲೆಯಲ್ಲಿ ತಾನು ವಾಸವಿದ್ದೇನೆಂದು ಸಾಬೀತುಪಡಿಸಲು ಆಗುತ್ತಿಲ್ಲ. ಇದರಲ್ಲಿ ವಿಡಂಬನೆ ಮಾಡಲು ನನಗೆ ಏನೂ ಉಳಿದಿಲ್ಲ. 2016ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕಿತ್ತರು, ಅವರಲ್ಲಿ ಬಹಳ ಮಂದಿ ಇಂಥ ಲೈನ್ ಮನೆಗಳಿಂದಲೇ ಬಂದವರು. ಆಗ ಬೆತ್ತಲೆಯಾಗಿ ಮರ ಹತ್ತಿ ಪ್ರತಿಭಟಿಸಬೇಕಾಯಿತು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕಟ್ಟಿಸಿಕೊಟ್ಟರು. ಮರ ಹತ್ತಲು ಆಗದ ವಯಸ್ಸಿನವರು ಏನು ಮಾಡಬೇಕು? ಯಾವ ಸಂಖ್ಯೆಗೆ?

ಒಂದು ಆಡಳಿತ ತನ್ನ ಕೆಲಸವನ್ನು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರೆ ಆ ಕೆಲಸ ಮುಗಿದಂತೆಯೇ ಎಂದು ಎಂದಿನಿಂದ ನಂಬತೊಡಗಿತೋ ಗೊತ್ತಿಲ್ಲ. ಬಾಗಿಲವರೆಗೆ ನಡೆದು ಬರುವ ಮನುಷ್ಯರು ಇಲ್ಲವೆಂದಲ್ಲ. ಜಿಗಣೆ ಕಿತ್ತು ಎಸೆಯುತ್ತಾ ಲೈನ್ ಮನೆಗೆ ಹೋಗಿ ಬಸುರಿಯ ರಕ್ತ ಪರೀಕ್ಷೆಗೆ ಕರೆದೊಯ್ಯುವವಳು ಆಶಾ. ಅಜ್ಜಿಗೆ ಬಿಪಿ ಮಾತ್ರೆ ತಂದುಕೊಡುವವಳೂ ಅವಳೇ. ಅವಳಿಗೆ ತಿಂಗಳಿಗೆ ಹತ್ತು ಸಾವಿರ ಖಾತರಿ ಮಾಡುತ್ತೇವೆ ಎಂಬ ಮಾತು ಪಡೆಯಲು 2025ರ ಜನವರಿಯಲ್ಲಿ ಬೆಂಗಳೂರಿನ ಚಳಿಯಲ್ಲಿ ರಾತ್ರಿ ಹಗಲು ರಸ್ತೆಯ ಮೇಲೆ ಕೂರಬೇಕಾಯಿತು. ಹೊಸ ಸಹಾಯವಾಣಿ ತೆರೆಯುವುದು ಇದಕ್ಕಿಂತ ಸುಲಭ. ಅದು ಧರಣಿ ಕೂರುವುದಿಲ್ಲ.

ಅಜ್ಜಿಯ ಪರವಾಗಿ ಪಟ್ಟಿಯಲ್ಲಿದ್ದ ಒಂದು ಸಂಖ್ಯೆಗೆ ದೂರು ಕೊಟ್ಟೆವು, ಯಾವುದೆಂದು ಹೇಳುವುದಿಲ್ಲ. ತಿರುವಿಗೆ ಅವರನ್ನೂ ಕರೆದುಕೊಂಡು ಹೋಗಿದ್ದೆ, ಏಕೆಂದರೆ ದೂರುದಾರರೇ ಮಾತನಾಡಬೇಕಂತೆ. ಮಾತನಾಡಿದ ಮೇಲೆ ಅಜ್ಜಿ ನನ್ನನ್ನು ಕೇಳಿದರು: ‘ಆ ಹುಡುಗಿ ಎಷ್ಟು ಚೆನ್ನಾಗಿ ಮಾತನಾಡಿದಳು ಅಣ್ಣ. ಅವಳಿಗಾದರೂ ತಿಂಗಳು ತಿಂಗಳು ದುಡ್ಡು ಸರಿಯಾಗಿ ಬರುತ್ತದಾ?’

ಕೆಲವು ದಿನಗಳ ನಂತರ ಸಂದೇಶ ಬಂತು. ನಿಮ್ಮ ದೂರು ಇತ್ಯರ್ಥಗೊಂಡಿದೆ, ಹೆಚ್ಚಿನ ವಿವರಗಳಿಗೆ ಸಂಬಂಧಪಟ್ಟ ಕಚೇರಿಯನ್ನು ಸಂಪರ್ಕಿಸಿ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ? ದುಡ್ಡು ಬಂದಿರಲಿಲ್ಲ. ಒಂದನ್ನೂ ಕೊಡಬಾರದೆಂದು ಸಿಟ್ಟಿನಲ್ಲಿದ್ದೆ. ಅಜ್ಜಿಗೆ ಇದನ್ನು ವಿವರಿಸಿದಾಗ ಅವರು ಗಾಬರಿಯಿಂದ ನನ್ನ ಕೈ ಹಿಡಿದರು.

‘ಐದೂ ಕೊಟ್ಟುಬಿಡಿ ಅಣ್ಣ. ಅದನ್ನು ಇಸಿದುಕೊಂಡ ಮೇಲಾದರೂ ದುಡ್ಡು ಹಾಕುತ್ತಾರೇನೋ.’