ಹುಳಿಹಿಟ್ಟಿನ ಗೋತ್ರ ಪ್ರವರ

ಹಿಟ್ಟು-ನೀರು ಕಲಸಿ ಹುಳಿ ಬರಿಸಿದ ಹೆಪ್ಪಿನಿಂದ ಉಬ್ಬಿಸುವ ಬ್ರೆಡ್ಡಿಗೆ ಸೌರ್‌ಡೋ ಎನ್ನುತ್ತಾರೆ. ಕ್ಯಾಲಿಫೋರ್ನಿಯಾ ಕಡೆ ಈಗ ಅದಕ್ಕೂ ಧ್ಯಾನ ಶಿಬಿರಗಳಂತೆ. ಶುಲ್ಕ ಕಟ್ಟಿ, ಚಾಪೆ ಹಾಸಿ, ಹುಳಿಹಿಟ್ಟಿನ ಬಾಟಲಿಯ ಮುಂದೆ ಕಣ್ಣು ಮುಚ್ಚಿ ಕೂತರೆ ಪೂರ್ವಜರು ಮಾತಾಡುತ್ತಾರಂತೆ. ಇದೇ ಕೆಲಸಕ್ಕೆ ನಾವು ಇಷ್ಟು ಕಾಲ ಎಡೆ ಇಟ್ಟು ಕಾಗೆಗೆ ಕಾಯುತ್ತಿದ್ದೆವಲ್ಲ, ದಡ್ಡರು.

ಧ್ಯಾನ ಮುಗಿದರೆ ಬಾಟಲಿಗೆ ನಾಮಕರಣ. ಹೆಸರಿಟ್ಟ ಮೇಲೆ ಅದು ಮನೆಯ ಕೂಸು, ಬಿಟ್ಟು ಊರಿಗೆ ಹೋಗುವುದು ಹೇಗೆ? ಸ್ಟಾಕ್‌ಹೋಮ್‌ನಲ್ಲಿ ಇಂಥ ಕೂಸುಗಳಿಗೆಂದೇ ಹೋಟೆಲ್ ತೆರೆದಿದ್ದರು. ನೀವು ರಜಕ್ಕೆ ಹೋದರೆ ಹೆಪ್ಪಿಗೆ ಅಲ್ಲಿ ಊಟ, ವಸತಿ. ಬೆಲ್ಜಿಯಂನ ಸೇಂಟ್ ವಿತ್‌ನಲ್ಲಿ 2013ರಿಂದ ಹೆಪ್ಪುಗಳ ಗ್ರಂಥಾಲಯವೇ ಇದೆ. ಅಲ್ಲಿಯವರು ಮಾತ್ರ ಬುದ್ಧಿವಂತರು: ಯಾವ ಬೇಕರಿಯ ಹೆಪ್ಪೋ ಅದೇ ಬೇಕರಿಯಿಂದ ಹಿಟ್ಟು ತರಿಸಿ ಉಣಿಸುತ್ತಾರೆ. ಹಿಟ್ಟು ಬದಲಾದರೆ ಒಳಗಿನ ಸೂಕ್ಷ್ಮಜೀವಿಗಳ ಸಂಸಾರವೂ ಬದಲಾಗಿಬಿಡುತ್ತದೆ ಎಂಬುದು ಅವರಿಗೆ ಗೊತ್ತು.

ವಂಶಾವಳಿಯ ಲೆಕ್ಕ ನೋಡಿ. ಸ್ಯಾನ್ ಫ್ರಾನ್ಸಿಸ್ಕೋದ ಬೂಡಿನ್ ಬೇಕರಿ ತನ್ನ ತಾಯಿಹಿಟ್ಟು 1849ರದು, 1906ರ ಭೂಕಂಪದಲ್ಲಿ ಅದನ್ನು ಬಕೆಟ್‌ನಲ್ಲಿ ಹೊತ್ತು ಉಳಿಸಿಕೊಂಡೆವು ಎನ್ನುತ್ತದೆ. ಇರಲಿ, ಸಂತೋಷ. ಆದರೆ ಒಂದು ಪಾಲು ಹೆಪ್ಪಿಗೆ ಐದು ಪಾಲು ಹಿಟ್ಟು, ಐದು ಪಾಲು ನೀರಿನಂತೆ ಆರು ಸಲ ಉಣಿಸಿದರೆ ಮೊದಲಿದ್ದ ಹಿಟ್ಟು ಉಳಿಯುವುದು ಸುಮಾರು ಹದಿನೆಂಟು ಲಕ್ಷದಲ್ಲಿ ಒಂದು ಪಾಲು. ಉಳಿದದ್ದೆಲ್ಲ ಹೋದ ವಾರದ ಅಂಗಡಿ ಚೀಲದ್ದು. ಸೂಕ್ಷ್ಮಜೀವಿಗಳಾದರೂ ಊರ ಮಣ್ಣಿನ ಮಕ್ಕಳೋ? ನಾಲ್ಕು ಖಂಡಗಳ 500 ಹೆಪ್ಪುಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಊರು-ದೇಶದ ಪ್ರಭಾವ ಕಂಡದ್ದು ಅತ್ಯಲ್ಪ.

ಶಿಬಿರದ ಗುರುಗಳು ಸಂಕಲ್ಪ ಶುದ್ಧವಾಗಿರಲಿ ಎನ್ನುತ್ತಾರೆ. ಅಡುಗೆಮನೆಯ ಉಷ್ಣತೆ ಎಷ್ಟಿರಲಿ ಎನ್ನುವುದಿಲ್ಲ. 50 ಗ್ರಾಂ ಗೋಧಿಹಿಟ್ಟಿಗೆ 50 ಗ್ರಾಂ ನೀರು ಕಲಸಿಟ್ಟರೆ ಎರಡು ಮೂರನೇ ದಿನಕ್ಕೆ ಭರ್ಜರಿಯಾಗಿ ಉಬ್ಬುತ್ತದೆ. ಶಿಷ್ಯರು ಪುಳಕಿತರಾಗುತ್ತಾರೆ. ಅದು ಯೀಸ್ಟ್ ಅಲ್ಲ, ಲ್ಯೂಕೊನಾಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳ ಗಲಾಟೆ. ಹುಳಿ ಏರಿದಂತೆ ಅವು ತಣ್ಣಗಾಗಿ, ನಾಲ್ಕನೇ ದಿನ ಬಾಟಲಿ ಸತ್ತಂತೆ ಕಾಣುತ್ತದೆ. ಪಿತೃಗಳು ಮುನಿದರೆಂದು ಜನ ಚೆಲ್ಲುವುದು ಆಗಲೇ. ಸುಮ್ಮನೆ ದಿನಕ್ಕೊಮ್ಮೆ ಉಣಿಸುತ್ತಾ ಹೋಗಿ. 25 ಡಿಗ್ರಿಯಲ್ಲಿ ಸಾಮಾನ್ಯವಾಗಿ ಎರಡು ವಾರದೊಳಗೆ, ಉಣಿಸಿದ ನಾಲ್ಕಾರು ಗಂಟೆಯಲ್ಲೇ ಎರಡರಷ್ಟಾಗುತ್ತದೆ.

ಬ್ರೆಡ್ಡಿಗೆ 500 ಗ್ರಾಂ ಹಿಟ್ಟು, 350 ನೀರು, 100 ಹೆಪ್ಪು, 10 ಉಪ್ಪು. ನಮ್ಮ ಮೈದಾಗೆ ಪ್ರೋಟೀನ್ ಕಡಿಮೆ, ನೀರು 325 ಸಾಕು. 26 ಡಿಗ್ರಿಯಲ್ಲಿ ನಾಲ್ಕೈದು ಗಂಟೆಗೆ ಒಂದೂವರೆಯಷ್ಟು ಉಬ್ಬಬೇಕು. ಏಪ್ರಿಲ್‌ನ ಬೆಂಗಳೂರಿನಲ್ಲಿ ಮೂರೇ ಗಂಟೆಗೆ ಆದರೂ ಆಯಿತು, ಗಡಿಯಾರಕ್ಕಿಂತ ಹಿಟ್ಟನ್ನು ನೋಡಿ. ಮೇಲೆ ದೊಡ್ಡ ಬಿಲ, ಕೆಳಗೆ ಅಂಟಂಟು ಮುದ್ದೆಯಾದರೆ ಹುದುಗು ಸಾಲದು. ಓವನ್ನಿಗೆ ಹಾಕಿದ್ದು ದೋಸೆಯಂತೆ ಹರಡಿಕೊಂಡರೆ ಹುದುಗು ಹೆಚ್ಚಾಯಿತು. ಕರ್ಮಫಲ ಇಷ್ಟೇ.

ಇನ್ನು ಪೂರ್ವಜರು. ಫ್ರಾನ್ಸಿನ ಹಳ್ಳಿಗರು ಹಿಟ್ಟು ನಾದಿ ಒಯ್ಯುತ್ತಿದ್ದದ್ದು ಜಮೀನ್ದಾರನ ಒಲೆಗೆ. ಬೇರೆ ಕಡೆ ಸುಡುವಂತಿರಲಿಲ್ಲ, ಸುಟ್ಟದ್ದಕ್ಕೆ ತೆರಿಗೆ ಬೇರೆ. ಮಹಾಕ್ರಾಂತಿ ಆಗುವ ತನಕ ಎಷ್ಟೋ ಕಡೆ ಇದೇ ಸಂಪ್ರದಾಯ. ಬೇಕರಿಯವರು ರಾತ್ರಿಯಿಡೀ ನೆಲಮಾಳಿಗೆಯಲ್ಲಿ ನಾದುತ್ತಾ, ಹಿಟ್ಟಿನ ಧೂಳು ಕುಡಿದು ಉಬ್ಬಸ ಹತ್ತಿಸಿಕೊಂಡವರು. ಅವರಿಂದ ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ನ್ಯೂಯಾರ್ಕ್ 1895ರಲ್ಲಿ ಕಾನೂನು ಮಾಡಿದರೆ, ಅಮೆರಿಕದ ಸುಪ್ರೀಂ ಕೋರ್ಟ್ 1905ರಲ್ಲಿ ಒಪ್ಪಂದದ ಸ್ವಾತಂತ್ರ್ಯದ ಹೆಸರಲ್ಲಿ ಅದನ್ನು ಹೊಡೆದುಹಾಕಿತು. ಹೀಗೆ ನಿದ್ದೆಗೆಟ್ಟು ಸತ್ತವರನ್ನು ಶಿಬಿರದವರು ಕರೆದು, ದುಬಾರಿ ಚಾಪೆಯ ಮೇಲೆ ಕೂತು, ನಿಧಾನದ ಬದುಕಿನ ಸುಖ ಕಲಿಸಿಕೊಡಿ ಎಂದು ಕೇಳುತ್ತಿದ್ದಾರೆ. ಇದಕ್ಕೆ ನಗುವುದೂ ಬೇಜಾರು.

ಬಾಟಲಿಯ ಮೇಲೆ ಬೂದು ನೀರು ನಿಂತಿದ್ದರೆ ಪಿತೃಗಳ ಕಣ್ಣೀರೆಂದು ಕೈ ಮುಗಿಯಬೇಡಿ, ಹೆಪ್ಪಿಗೆ ಹಸಿವಾಗಿದೆ, ಆ ನೀರು ಚೆಲ್ಲಿ ಹಿಟ್ಟು ಹಾಕಿ. ಗುಲಾಬಿ ಅಥವಾ ಕಿತ್ತಳೆ ಬಣ್ಣದ ಗೆರೆ ಕಂಡರೆ, ನೂರು ವರ್ಷದ್ದೇ ಆಗಿರಲಿ, ಪೂರ್ತಿ ಕಸಕ್ಕೆ ಸುರಿದು ಬಾಟಲಿಯನ್ನು ಕುದಿನೀರಲ್ಲಿ ತೊಳೆಯಿರಿ.