ಚಾರ್ಜ್ ಪಟ್ಟಿಯಲ್ಲಿ ಇಲ್ಲದ ಸಾಮಾನು

ಹನ್ನೊಂದು ಪಂದ್ಯ, ಹನ್ನೊಂದೂ ಗೆಲುವು. 2024ರ ನವೆಂಬರ್‌ನಲ್ಲಿ ಪೋರ್ಚುಗಲ್ ಫುಟ್‌ಬಾಲ್ ಲೀಗಿನಲ್ಲಿ ಲಿಸ್ಬನ್ನಿನ ಸ್ಪೋರ್ಟಿಂಗ್ ತಂಡದ ಲೆಕ್ಕ ಅದು. ಅದೇ ವಾರ ಚಾಂಪಿಯನ್ಸ್ ಲೀಗ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನೂ 4-1ರಿಂದ ಹೊಡೆದು ಹಾಕಿತ್ತು. ಮುಂಚೂಣಿ ಆಟಗಾರ ಯೋಕೆರೆಸ್ ಒಬ್ಬನದೇ ಮೂರು ಗೋಲು. ಆ ಪಂದ್ಯ ನಮ್ಮಲ್ಲಿ ಶುರುವಾಗಿದ್ದು ರಾತ್ರಿ ಒಂದೂವರೆಗೆ. ಕಲಬುರಗಿಯಲ್ಲಿ ಆ ಹೊತ್ತಿಗೆ ಎಚ್ಚರ ಇರುವವರು ರೈಲಿಗೆ ಕಾಯುವವರು ಮತ್ತು ನಮ್ಮಂಥ ಒಂದಿಬ್ಬರು ಹುಚ್ಚರು, ಅಷ್ಟೇ.

ನಾಲ್ಕು ವಾರ ಕಳೆಯುವ ಮೊದಲೇ ಅದೇ ತಂಡ, ತನ್ನದೇ ಅಲ್ವಲಾಡೆ ಮೈದಾನದಲ್ಲಿ, ಸಾಂಟಾ ಕ್ಲಾರಾ ಎದುರು 0-1ರಿಂದ ಸೋತಿತು. ಸಾಂಟಾ ಕ್ಲಾರಾ ಅಂದರೆ ಅಝೋರ್ಸ್ ದ್ವೀಪದ ತಂಡ. ಆ ವರ್ಷವೇ ಎರಡನೇ ದರ್ಜೆಯಿಂದ ಮೇಲೆ ಬಂದಿತ್ತು.

ನಡುವೆ ಆಗಿದ್ದು ಇಷ್ಟು. ಕೋಚ್ ರೂಬೆನ್ ಅಮೋರಿಮ್ ಸೀಸನ್ ಅರ್ಧಕ್ಕೇ ಬಿಟ್ಟು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದರು. ಅವರ ಜಾಗಕ್ಕೆ ಕ್ಲಬ್ಬಿನ ಕಿರಿಯ ತಂಡ ನೋಡಿಕೊಳ್ಳುತ್ತಿದ್ದ ಜೊವಾವ್ ಪೆರೇರಾ ಅವರನ್ನು ಕೂರಿಸಿದರು. ಪೋರ್ಚುಗಲ್ ಪರ ಆಡಿದ ಮನುಷ್ಯ, ಆದರೆ ದೊಡ್ಡ ತಂಡ ನಡೆಸಿದ ಅನುಭವ ಇರಲಿಲ್ಲ. ಮೊದಲು ಪೋರ್ಚುಗಲ್ ಕಪ್‌ನಲ್ಲಿ ಸಣ್ಣ ತಂಡವೊಂದಕ್ಕೆ ಆರು ಗೋಲು ಹಾಕಿದರು. ಆಮೇಲೆ ಆರ್ಸೆನಲ್ ಎದುರು 1-5, ಸಾಂಟಾ ಕ್ಲಾರಾ ಎದುರು 0-1, ಮೊರೈರೆನ್ಸೆ ಎದುರು 1-2, ಬ್ರೂಗ್ ಎದುರು 1-2. ಸಾಲಾಗಿ ನಾಲ್ಕು ಸೋಲು. ಕ್ರಿಸ್‌ಮಸ್ ಹೊತ್ತಿಗೆ ಮೊದಲ ಸ್ಥಾನವೂ ಹೋಯಿತು, ಪೆರೇರಾ ಕೆಲಸವೂ ಹೋಯಿತು.

ನಮ್ಮ ಫುಟ್‌ಬಾಲ್ ವಾಟ್ಸ್ಯಾಪ್ ಗುಂಪಿನಲ್ಲಿ ಇದರ ಬಗ್ಗೆ ಇವತ್ತಿಗೂ ಜಗಳ ಇದೆ. ಯಾವ ಕ್ಲಬ್ಬಿನ ಕೋಚ್ ನಡುವೆ ಎದ್ದು ಹೋದರೂ ಮತ್ತೆ ಇದೇ ಮಾತು ಮೇಲೆ ಬರುತ್ತದೆ. ಸೂಪರ್ ಮಾರ್ಕೆಟ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ಗೆಳೆಯನದು ಒಂದೇ ಸಾಲಿನ ತೀರ್ಪು: "ಕೋಚ್ ಹ್ವಾದ, ಟೀಮ್ ಹ್ವಾತು. ಮುಗೀತಲ್ಲೋ." ಇನ್ನು ಉಳಿದವರದು, ಹೊಸದಾಗಿ ಬಂದವನು ದಂಡ ಅನ್ನುವ ವಾದ. ನನಗೆ ಎರಡೂ ಒಪ್ಪಿಗೆ ಇಲ್ಲ. ಹೋದವರನ್ನೂ ಬಂದವರನ್ನೂ ಬಯ್ಯುವುದು ಸುಲಭ. ಅವರಿಬ್ಬರ ನಡುವೆ ಕ್ಲಬ್ ಏನನ್ನು ಉಳಿಸಿಟ್ಟುಕೊಂಡಿತ್ತು ಅಂತ ಯಾರೂ ಕೇಳುವುದಿಲ್ಲ.

ಮೊದಲು ಒಂದು ಸಣ್ಣ ಲೆಕ್ಕ. ಹನ್ನೊಂದಕ್ಕೆ ಹನ್ನೊಂದು ಗೆದ್ದ ತಂಡ ಯಾರೇ ಕೋಚ್ ಇದ್ದರೂ ಒಂದಲ್ಲ ಒಂದು ದಿನ ಸೋಲಲೇಬೇಕು. ಸೋಲುತ್ತಲೇ ಇರುವ ತಂಡದ ಕೋಚ್‌ನನ್ನು ತೆಗೆದು ಹೊಸಬರನ್ನು ತಂದಾಗ ಒಂದೆರಡು ಗೆಲುವು ಬರುತ್ತದಲ್ವಾ, ಅದೂ ಇದೇ ಲೆಕ್ಕ. ಡಚ್ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೀಲ್ ತಮ್ಮ ದೇಶದ ಲೀಗಿನ 1986ರಿಂದ 2004ರವರೆಗಿನ ಕೋಚ್ ಬದಲಾವಣೆಗಳನ್ನು ಜಾಲಾಡಿ ನೋಡಿದ್ದಾರೆ. ಕೋಚ್ ಬದಲಿಸಿದ್ದರಿಂದಲೇ ತಂಡ ಸುಧಾರಿಸಿತು ಅನ್ನುವುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ. ತಂಡ ತಳ ಮುಟ್ಟಿದಾಗ ಬಂದವನಿಗೆ ಹೂವಿನ ಹಾರ, ತುದಿಯಲ್ಲಿದ್ದಾಗ ಬಂದವನಿಗೆ ಬೈಗುಳ. ಪೆರೇರಾ ಬಂದಿದ್ದು ತುದಿಯಲ್ಲಿದ್ದಾಗ. ಸಾಲದ್ದಕ್ಕೆ ಅಮೋರಿಮ್ ಅವರ ಕೊನೇ ಪಂದ್ಯದಲ್ಲೇ ತಂಡದ ಮುಖ್ಯ ಆಟಗಾರ ಪೆಡ್ರೊ ಗೊನ್ಸಾಲ್ವೆಸ್ ಗಾಯಗೊಂಡು ತಿಂಗಳುಗಟ್ಟಲೆ ಹೊರಗುಳಿದ.

ಆದರೆ ಲೆಕ್ಕ ಅರ್ಧ ಕತೆ ಮಾತ್ರ ಹೇಳುತ್ತದೆ. ಉಳಿದ ಅರ್ಧ ನಾನು ನೋಡಿದ್ದು ನಮ್ಮ ಊರಲ್ಲೇ.

ನನ್ನ ಮಗ ಓದುವ ಶಾಲೆಯಲ್ಲಿ ಫುಟ್‌ಬಾಲ್ ತಂಡ ಕಟ್ಟಿದ್ದು ಅಲ್ಲಿನ ಪಿಟಿ ಸರ್. ಶಾಲೆ ಹೆಸರು ಬೇಡ. ಕಲಬುರಗಿಯಲ್ಲಿ ಸಂಜೆ ಯಾವ ಮೈದಾನಕ್ಕೆ ಹೋದರೂ ಮುಕ್ಕಾಲು ಭಾಗ ಕ್ರಿಕೆಟ್‌ನವರದು. ಮಳೆಗಾಲದಲ್ಲಿ ಎರೆಮಣ್ಣು ಬೂಟಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಒಂದೊಂದು ಕಿಲೋ ತೂಗುತ್ತದೆ. ಅಂಥದ್ದರಲ್ಲಿ ಆ ಸರ್ ಮೂಲೆಯೊಂದನ್ನು ಹಿಡಿದುಕೊಂಡು ಹುಡುಗರನ್ನು ತಯಾರು ಮಾಡಿದ್ದರು. ತಾಲ್ಲೂಕು ಮಟ್ಟದಲ್ಲಿ ಗೆದ್ದರು. ಜಿಲ್ಲಾ ಮಟ್ಟಕ್ಕೆ ಇನ್ನೂ ಸ್ವಲ್ಪ ದಿನ ಇರುವಾಗ ಸರ್‌ಗೆ ವರ್ಗಾವಣೆ ಬಂತು. ಸ್ವಂತ ಊರಿನ ಹತ್ತಿರ ಸಿಕ್ಕಿತ್ತು, ಯಾರಾದರೂ ಬಿಡುತ್ತಾರಾ? ಹೋದರು. ಅವರ ಮೇಲೆ ನನಗೆ ಎಳ್ಳಷ್ಟೂ ಬೇಸರ ಇಲ್ಲ.

ಹೊಸ ಸರ್ ಕಬಡ್ಡಿಯವರು. ಒಳ್ಳೆ ಮನುಷ್ಯ, ಶಿಸ್ತಿನವರು. ಜಿಲ್ಲಾ ಮಟ್ಟದ ಪಂದ್ಯ ನೋಡಲು ನಾನೂ ಹೋಗಿದ್ದೆ. ಹುಡುಗರ ಕಾಲು ಮೊದಲಿನ ಹಾಗೇ ಓಡುತ್ತಿದ್ದವು. ತೊಂದರೆ ಆಗುತ್ತಿದ್ದದ್ದು ಚೆಂಡು ಹೊರಗೆ ಹೋದಾಗ. ಥ್ರೋ ಹಾಕುವ ಹುಡುಗ ಚೆಂಡನ್ನು ತಲೆಯ ಮೇಲೆ ಎತ್ತಿ ಹಿಡಿದು ಗೆರೆಯ ಆಚೆ ನೋಡುತ್ತಿದ್ದ. ಹಳೇ ಸರ್ ಯಾವಾಗಲೂ ಅಲ್ಲಿ ನಿಂತು ಒಂದು ಬೆರಳೋ ಎರಡು ಬೆರಳೋ ತೋರಿಸುತ್ತಿದ್ದರು. ಒಂದು ಅಂದರೆ ಹತ್ತಿರದವನಿಗೆ, ಎರಡು ಅಂದರೆ ಗೆರೆಗುಂಟ ಉದ್ದಕ್ಕೆ. ಈಗ ಅಲ್ಲಿ ಬೆರಳಿಲ್ಲ. "ಹಾಕೋ, ಲಗೂ ಹಾಕೋ" ಅನ್ನುವ ಕೂಗು ಮಾತ್ರ. ಹುಡುಗ ಗಾಬರಿಯಾಗಿ ಎಲ್ಲಿಗೋ ಹಾಕುತ್ತಿದ್ದ, ಚೆಂಡು ಎದುರಾಳಿಗೆ. ಮತ್ತೆ ಮತ್ತೆ ಅದೇ. ಎರಡನೇ ಗೋಲು ಬಿಟ್ಟಿದ್ದೂ ಅಂಥ ಒಂದು ಥ್ರೋನಿಂದಲೇ.

ಪಂದ್ಯ ಮುಗಿದ ಮೇಲೆ ಹೊಸ ಸರ್ ಜತೆ ಚಹಾ ಕುಡಿಯುತ್ತಾ ಮಾತಾಡಿದೆ. ಅವರು ಹೇಳಿದ್ದು ಕೇಳಿ: "ಚಾರ್ಜ್ ತಗೊಳ್ಳಾಗ ಪಟ್ಟಿ ಕೊಟ್ಟಾರ್ರಿ. ಚೆಂಡು, ಪಂಪು, ನೆಟ್, ರಿಜಿಸ್ಟರ್, ಬೀಗದ ಕೈ. ಎಲ್ಲಾ ಎಣಿಸಿ ಸಹಿ ಮಾಡೀನಿ. ಯಾವ ಹುಡುಗ ಎಲ್ಲಿ ಆಡ್ತಾನ, ಯಾರಿಗೆ ಏನ್ ಹೇಳ್ಯಾರ, ಅದೊಂದು ಹಾಳ್ಯಾಗ ಬರದು ಇಟ್ಟಿದ್ರ ನನಗ ಸಾಕಿತ್ರಿ."

ಆ ಹಾಳೆ ಬರೆಯಿರಿ ಅಂತ ಹಳೇ ಸರ್‌ಗೆ ಯಾರೂ ಕೇಳಿರಲಿಲ್ಲ. ಕೇಳಬೇಕಾದವರು ಶಾಲೆ ನಡೆಸುವವರು. ಅವರ ಕಣ್ಣಿಗೆ ಪಂಪು ಆಸ್ತಿ, ಬೆರಳಿನ ಸನ್ನೆ ಆಸ್ತಿಯಲ್ಲ. ಪಂಪು ಕಳೆದಿದ್ದರೆ ನೋಟಿಸ್ ಬರುತ್ತಿತ್ತು.

ಈಗ ಇದೇ ಚಾರ್ಜ್ ಪಟ್ಟಿ ಹಿಡಿದುಕೊಂಡು ಇಂಗ್ಲೆಂಡಿಗೆ ಬನ್ನಿ. 2022ರ ಸೆಪ್ಟೆಂಬರ್. ಚೆಲ್ಸಿ ತನ್ನ ಕೋಚ್ ಥಾಮಸ್ ಟುಖೆಲ್ ಅವರನ್ನು ತೆಗೆದು ಹಾಕಿ, ಮರುದಿನವೇ ಬ್ರೈಟನ್‌ನಿಂದ ಗ್ರಹಾಂ ಪಾಟರ್ ಅವರನ್ನು ಎತ್ತಿಕೊಂಡು ಹೋಯಿತು. ಪಾಟರ್ ಒಬ್ಬರೇ ಹೋಗಲಿಲ್ಲ, ತಮ್ಮ ಸಹಾಯಕರನ್ನೂ ಕರೆದುಕೊಂಡು ಹೋದರು. ಬ್ರೈಟನ್ ಆಗ ನಾಲ್ಕನೇ ಸ್ಥಾನದಲ್ಲಿತ್ತು. ನಮ್ಮ ಗೆಳೆಯನ ಪ್ರಕಾರ ಬ್ರೈಟನ್ ಕತೆ ಅಲ್ಲಿಗೆ ಮುಗಿಯಬೇಕಿತ್ತು.

ಬ್ರೈಟನ್ ಹತ್ತು ದಿನದಲ್ಲಿ ರಾಬರ್ಟೊ ಡಿ ಝೆರ್ಬಿ ಅವರನ್ನು ತಂದಿತು. ಮೊದಲ ಐದು ಪಂದ್ಯ ಗೆಲುವೇ ಇಲ್ಲ. ಲಿವರ್‌ಪೂಲ್ ಜತೆ 3-3 ಸಮ, ಆಮೇಲಿನ ನಾಲ್ಕರಲ್ಲಿ ಮೂರು ಸೋಲು, ಒಂದು ಸಮ. ಯಾರೂ ಕಿರುಚಾಡಲಿಲ್ಲ. ಆರನೇ ಪಂದ್ಯಕ್ಕೆ ಅವರ ಮೈದಾನಕ್ಕೆ ಬಂದದ್ದು ಯಾರು ಗೊತ್ತಾ? ಪಾಟರ್ ಮತ್ತು ಅವರ ಚೆಲ್ಸಿ. ಬ್ರೈಟನ್ 4-1ರಿಂದ ಗೆದ್ದಿತು! ಸೀಸನ್ ಮುಗಿದಾಗ ಬ್ರೈಟನ್ ಆರನೇ ಸ್ಥಾನ, ಕ್ಲಬ್ಬಿನ ಚರಿತ್ರೆಯಲ್ಲೇ ಮೊದಲ ಸಲ ಯುರೋಪ್ ಮಟ್ಟದ ಟೂರ್ನಿಗೆ ಟಿಕೆಟ್. ಇತ್ತ ಚೆಲ್ಸಿ ಏಪ್ರಿಲ್‌ನಲ್ಲಿ ಪಾಟರ್ ಅವರನ್ನೂ ಕಳಿಸಿ, ಲ್ಯಾಂಪಾರ್ಡ್ ಅವರನ್ನು ತಾತ್ಕಾಲಿಕವಾಗಿ ಕರೆಸಿ, ಅವರೂ ಮೊದಲ ಆರು ಪಂದ್ಯ ಸೋತು, ಕೊನೆಗೆ ಹನ್ನೆರಡನೇ ಸ್ಥಾನಕ್ಕೆ ಬಂದು ನಿಂತಿತು. ಆಟಗಾರರ ಮೇಲೆ ಸುರಿದ ದುಡ್ಡು ಆ ವರ್ಷ ಚೆಲ್ಸಿಯಷ್ಟು ಯಾರದೂ ಇರಲಿಲ್ಲ.

ಬ್ರೈಟನ್ ಬಚಾವಾದದ್ದು ಹೇಗೆ? ಆಟಗಾರರನ್ನು ಹುಡುಕುವವರು ಕೋಚ್‌ನ ಜನ ಅಲ್ಲ, ಕ್ಲಬ್ಬಿನ ಜನ. ಮಾಲೀಕ ಟೋನಿ ಬ್ಲೂಮ್ ಅಂಕಿ ಅಂಶ ನೋಡಿ ಬೆಟ್ಟಿಂಗ್‌ನಲ್ಲಿ ದುಡ್ಡು ಮಾಡಿದ ಮನುಷ್ಯ. ಇವತ್ತಿನ ಕೋಚ್ ನಾಳೆ ಹೋಗುತ್ತಾನೆ ಅಂತ ಗೊತ್ತಿಟ್ಟುಕೊಂಡೇ ಕ್ಲಬ್ ನಡೆಸುತ್ತಾರೆ. ಇನ್ನೊಂದು ವಿಷಯ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಡಿ ಝೆರ್ಬಿ ಅವರಿಗೆ "ನೀವು ಪಾಟರ್ ಆಗಿ" ಅಂತ ಹೇಳಲಿಲ್ಲ. ಅವರು ತಮ್ಮದೇ ಆಟ ತಂದರು.

ಪೆರೇರಾ ಪಾಡು ಬೇರೆ. ಅಮೋರಿಮ್ ಅವರ 3-4-3 ಆಟವನ್ನೇ, ಅಂದರೆ ಹಿಂದೆ ಮೂವರು, ನಡುವೆ ನಾಲ್ವರು, ಮುಂದೆ ಮೂವರು, ಅವರು ಮುಂದುವರಿಸಿದರು. ಕಾಗದದ ಮೇಲೆ ಅದು ಬರೀ ಮೂರು ಅಂಕಿ. ಮೈದಾನದಲ್ಲಿ ಹಿಂದಿನ ಮೂವರಲ್ಲಿ ಒಬ್ಬ ಚೆಂಡು ತೆಗೆದುಕೊಂಡು ಮುಂದೆ ನುಗ್ಗಿದರೆ ಅವನ ಜಾಗಕ್ಕೆ ಯಾರು ಬರಬೇಕು, ಬದಿಯವನು ಯಾವ ಕ್ಷಣಕ್ಕೆ ಮೇಲೆ ಹೋಗಬೇಕು, ಯಾವಾಗ ತಡೆಯಬೇಕು, ಇದೆಲ್ಲ ನಾಲ್ಕೂವರೆ ವರ್ಷ ದಿನಾ ಹೇಳಿ ಹೇಳಿ ಕೂಡಿಸಿದ್ದು. ಹೇಳುವವನ ದನಿ ಬದಲಾದರೆ ಕಾಲು ಅರ್ಧ ಸೆಕೆಂಡ್ ತಡವಾಗುತ್ತದೆ. ಆರ್ಸೆನಲ್‌ನಂಥ ತಂಡಕ್ಕೆ ಆ ಅರ್ಧ ಸೆಕೆಂಡ್ ಸಾಕು. ಡಿಸೆಂಬರ್ ಕೊನೆಗೆ ಬಂದ ರುಯಿ ಬೋರ್ಜಸ್ ಮಾಡಿದ ಮೊದಲ ಕೆಲಸ ಹಿಂದೆ ನಾಲ್ವರನ್ನು ನಿಲ್ಲಿಸಿದ್ದು. ಮೊದಲ ಪಂದ್ಯದಲ್ಲೇ ಬೆನ್ಫಿಕಾ ಎದುರು 1-0 ಗೆಲುವು. ಮೇ ತಿಂಗಳಲ್ಲಿ ಲೀಗೂ ಬಂತು, ಕಪ್ಪೂ ಬಂತು.

ಅಮೋರಿಮ್ ಅವರ ಕಡೆಯಿಂದಲೂ ಒಂದು ಮಾತು ಹೇಳಬೇಕು. ಸೀಸನ್ ಮುಗಿಸಿ ಬರುತ್ತೇನೆ ಅಂತ ಅವರು ಕೇಳಿಕೊಂಡಿದ್ದರು. ಈಗ ಬಂದರೆ ಬನ್ನಿ, ಇಲ್ಲದಿದ್ದರೆ ಇಲ್ಲ ಅಂದಿತು ಯುನೈಟೆಡ್. ಇದನ್ನು ಅವರೇ ಪತ್ರಕರ್ತರ ಮುಂದೆ ಹೇಳಿದ್ದಾರೆ. ಅಷ್ಟು ಅವಸರ ಮಾಡಿದ ಯುನೈಟೆಡ್ ಆ ವರ್ಷ ಎಲ್ಲಿ ಮುಗಿಸಿತು? ಹದಿನೈದನೇ ಸ್ಥಾನ, 42 ಪಾಯಿಂಟ್, ಯುರೋಪಾ ಲೀಗ್ ಫೈನಲ್‌ನಲ್ಲಿ ಟಾಟೆನ್‌ಹ್ಯಾಮ್ ಎದುರು ಸೋಲು. ಆರು ತಿಂಗಳು ಕಾದಿದ್ದರೆ ಗಂಟೇನು ಹೋಗುತ್ತಿತ್ತು?

ನಮ್ಮ ರಾಜ್ಯದ್ದೇ ಉದಾಹರಣೆ ಬೇಕು ಅನ್ನುವವರಿಗೆ ಬೆಂಗಳೂರು ಎಫ್‌ಸಿ ಇದೆ. 2018ರಲ್ಲಿ ಆಲ್ಬರ್ಟ್ ರೋಕಾ ಸೀಸನ್ ಮುಗಿಸಿ ಹೋದರು, ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಕುರ್ಚಿಗೆ ಬಂದರು, ಮರುವರ್ಷವೇ ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಕಪ್. ಅದೇ ಕ್ವಾಡ್ರಾಟ್ ಅವರನ್ನು 2021ರ ಜನವರಿಯಲ್ಲಿ ನಡುವೆ ಕಳಿಸಿದರು, ತಂಡ ಏಳನೇ ಸ್ಥಾನ. 2023ರ ಡಿಸೆಂಬರ್‌ನಲ್ಲಿ ಸೈಮನ್ ಗ್ರೇಸನ್ ಅವರನ್ನು ಕಳಿಸಿದರು, ಹನ್ನೆರಡು ತಂಡಗಳಲ್ಲಿ ಹತ್ತನೇ ಸ್ಥಾನ. ನಡುವೆ ಬಂದ ಜೆರಾರ್ಡ್ ಝರಗೋಝಾ ಅವರನ್ನು ಪುಣ್ಯಕ್ಕೆ ಬೇಸಿಗೆಯಲ್ಲಿ ಓಡಿಸಲಿಲ್ಲ. ಮುಂದಿನ ಸೀಸನ್‌ಗೆ ಅವರೇ ತಂಡವನ್ನು ಮೊದಲಿಂದ ತಯಾರು ಮಾಡಿದರು, 2025ರ ಏಪ್ರಿಲ್‌ನಲ್ಲಿ ಫೈನಲ್ ತನಕ ಬಂದರು. ಮೋಹನ್ ಬಗಾನ್ ಎದುರು ಹೆಚ್ಚುವರಿ ಸಮಯದಲ್ಲಿ ಸೋತರು, ಆ ಹೊಟ್ಟೆಯುರಿ ಬೇರೆ.

ಸ್ಪೋರ್ಟಿಂಗ್ ಅಭಿಮಾನಿಗಳು ಅಮೋರಿಮ್ ಹೋದಾಗ ಮೋಸ, ದ್ರೋಹ ಅಂತೆಲ್ಲ ಬರೆದದ್ದನ್ನು ಓದಿದೆ. ಸಂಕಟ ಅರ್ಥವಾಗುತ್ತದೆ. ಆದರೆ 2020ರ ಮಾರ್ಚ್‌ನಲ್ಲಿ, ಸೀಸನ್ ಇನ್ನೂ ನಡೆಯುತ್ತಿರುವಾಗ, ಬ್ರಾಗಾ ತಂಡಕ್ಕೆ ಒಂದು ಕೋಟಿ ಯೂರೋ ಕೊಟ್ಟು ಅಮೋರಿಮ್ ಅವರನ್ನು ಎತ್ತಿಕೊಂಡು ಬಂದದ್ದು ಇದೇ ಸ್ಪೋರ್ಟಿಂಗ್ ಅಲ್ವಾ? ಆ ವರ್ಷ ಬ್ರಾಗಾ ಮೂರನೇ ಸ್ಥಾನ, ಸ್ಪೋರ್ಟಿಂಗ್ ನಾಲ್ಕನೇ ಸ್ಥಾನ. ಬ್ರಾಗಾದವರು ಒಳಗೊಳಗೇ ನಕ್ಕಿರಬೇಕು.

ಇನ್ನು ಬೋರ್ಜಸ್ ಎಲ್ಲಿಂದ ಬಂದರು? ವಿಟೋರಿಯಾ ಗಿಮರಾಯ್ಸ್‌ನಿಂದ, ಅದೂ ಡಿಸೆಂಬರ್‌ನಲ್ಲಿ, ಅದೂ ಸೀಸನ್ ನಡುವೆ. ಆ ತಂಡ ಆಗ ಯುರೋಪಿನ ಮೂರನೇ ದರ್ಜೆಯ ಟೂರ್ನಿ ಕಾನ್ಫರೆನ್ಸ್ ಲೀಗ್‌ನ ಲೀಗ್ ಹಂತದಲ್ಲಿ ಒಂದೂ ಪಂದ್ಯ ಸೋಲದೆ ಚೆಲ್ಸಿಯ ಹಿಂದೆ ಎರಡನೇ ಸ್ಥಾನದಲ್ಲಿ ಮುಗಿಸಿತ್ತು. ಬೋರ್ಜಸ್ ಹೋದ ಮೇಲೆ ಅಲ್ಲಿಗೆ ಒಬ್ಬರು ಬಂದರು, ಜನವರಿಯಲ್ಲೇ ಹೋದರು, ಇನ್ನೊಬ್ಬರು ಬಂದರು. ಒಂದೇ ಸೀಸನ್‌ನಲ್ಲಿ ಮೂವರು. ಲೀಗಿನ ಕೊನೇ ದಿನ ಸ್ಪೋರ್ಟಿಂಗ್ ಚಾಂಪಿಯನ್ ಆಗಿದ್ದು ಯಾರನ್ನು ಸೋಲಿಸಿ? ಇದೇ ವಿಟೋರಿಯಾವನ್ನು, 2-0. ಆ ಸೋಲಿನಿಂದ ವಿಟೋರಿಯಾ ಆರನೇ ಸ್ಥಾನಕ್ಕೆ ಇಳಿದು ಯುರೋಪ್ ಟಿಕೆಟ್ ಕಳೆದುಕೊಂಡಿತು. ಐದನೇ ಸ್ಥಾನ ಹಿಡಿದದ್ದು ಆ ಸಾಂಟಾ ಕ್ಲಾರಾ.

ಸ್ಪೋರ್ಟಿಂಗ್ ಎದ್ದು ಬಂದ ಕತೆ ನಮ್ಮ ಗುಂಪಿನಲ್ಲಿ ಎಲ್ಲರಿಗೂ ಬಾಯಿಪಾಠ. ವಿಟೋರಿಯಾ ಬಗ್ಗೆ ಒಬ್ಬರೂ ಒಂದು ಸಾಲು ಹಾಕಲಿಲ್ಲ. ಯಾರಾದರೂ ಬರೆದಿದ್ದರೆ ಕಾಮೆಂಟ್‌ನಲ್ಲಿ ಕೊಡಿ, ಖಂಡಿತ ಓದುತ್ತೇನೆ. ಮೊಬೈಲ್ ಅಂಗಡಿಯವನೇ, ನಿನಗೂ ಹೇಳಿದ್ದು.