ಬರ್ನ್ಸ್ ಕತೆಗೆ ಪ್ರೇಯಸಿಯರಷ್ಟೇ ಸಾಕೇ?

ಬ್ರಿಟನ್ನಿನ ಸಿನಿಮಾ ಮಾತು ಕಲಿತ ಹೊಸತು. 1930ರಲ್ಲಿ ಹರ್ಬರ್ಟ್ ವಿಲ್ಕಾಕ್ಸ್ ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಬದುಕನ್ನು ಹಾಡುಗಳ ಚಿತ್ರವಾಗಿ ತೆರೆಗೆ ತಂದರು. ಹೆಸರು ‘ದಿ ಲವ್ಸ್ ಆಫ್ ರಾಬರ್ಟ್ ಬರ್ನ್ಸ್’, ಅಂದರೆ ರಾಬರ್ಟ್ ಬರ್ನ್ಸ್‌ನ ಪ್ರೇಮಗಳು. ಕವಿಯ ಪಾತ್ರ ವಹಿಸಿದವರು ಎಡಿನ್‌ಬರೋದಲ್ಲಿ ಹುಟ್ಟಿ ಮಿಲಾನಿನ ಹೆಸರಾಂತ ಒಪೆರಾ ರಂಗಮಂದಿರ ಲಾ ಸ್ಕಾಲಾದವರೆಗೂ ಹೋಗಿ ಹಾಡಿದ ಒಪೆರಾ ಗಾಯಕ ಜೋಸೆಫ್ ಹಿಸ್ಲಪ್. ಈ ಆಯ್ಕೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಬರ್ನ್ಸ್ ಬರೆದದ್ದನ್ನು ಹಾಡಿಯೇ ಕೇಳಬೇಕು, ಅದೂ ಆ ನೆಲದವರ ಬಾಯಿಂದ. ನನ್ನ ತಕರಾರಿರುವುದು ಆ ಹೆಸರಿನ ಮೇಲೆ.

ಪ್ರೇಮಗಳು ಇದ್ದವು, ಇಲ್ಲವೆನ್ನುವವರು ಯಾರು? ಹೈಲ್ಯಾಂಡ್ ಮೇರಿ ಇದ್ದಳು, ಕ್ಲಾರಿಂಡಾ ಇದ್ದಳು. ಆದರೆ 37ಕ್ಕೇ ತೀರಿಕೊಂಡ ಈ ಗೇಣಿ ರೈತನ ಮಗ ಕೊನೆಯ ವರ್ಷಗಳಲ್ಲಿ ಜೀವ ತೇಯ್ದದ್ದು ತನ್ನ ನಾಡಿನ ಹಳೆಯ ಮಟ್ಟುಗಳಿಗಾಗಿ. ಅಬಕಾರಿ ನೌಕರಿಗೆಂದು ಕುದುರೆಯೇರಿ ಊರೂರು ಅಲೆಯುತ್ತಿದ್ದ. ಬಿಡುವಿನಲ್ಲಿ ಜೇಮ್ಸ್ ಜಾನ್ಸನ್ ಮತ್ತು ಜಾರ್ಜ್ ಥಾಮ್ಸನ್ ಹೊರತರುತ್ತಿದ್ದ ಸಂಕಲನಗಳಿಗೆ ಹಾಡು ಕಟ್ಟಿ ಕಳಿಸುತ್ತಿದ್ದ. ಹೇಗೆ ಕಟ್ಟುತ್ತಿದ್ದನೆಂದು 1793ರಲ್ಲಿ ಥಾಮ್ಸನ್‌ಗೆ ತಾನೇ ಬರೆದಿದ್ದಾನೆ. ಮಟ್ಟು ಪೂರ್ತಿ ಕೈವಶವಾಗುವವರೆಗೆ ಪದಕ್ಕೆ ಕೈಹಾಕುತ್ತಿರಲಿಲ್ಲ. ಮೊದಲ ನುಡಿ ಹುಟ್ಟಿದ ಮೇಲೆ ಗುನುಗುತ್ತಾ ಹೊರಗೆ ಅಡ್ಡಾಡುವುದು. ಸಾಲು ಕುದುರದಿದ್ದರೆ ಮನೆಗೆ ಬಂದು ಬೆಂಕಿಯ ಮುಂದೆ ಒಬ್ಬನೇ ಕುಳಿತು, ನಡುನಡುವೆ ಕುರ್ಚಿಯ ಹಿಂಗಾಲುಗಳ ಮೇಲೆ ತೂಗಾಡುತ್ತಾ ಬರೆಯುವುದು. ಕ್ಯಾಮೆರಾಕ್ಕೆ ಇದಕ್ಕಿಂತ ಒಳ್ಳೆಯ ದೃಶ್ಯ ಬೇಕೇ?

ಈ ಕೆಲಸಕ್ಕೆ ಅವನು ಹಣ ಮುಟ್ಟಲಿಲ್ಲ. ಥಾಮ್ಸನ್ ಒಮ್ಮೆ ಐದು ಪೌಂಡ್ ಕಳಿಸಿದಾಗ ಸಿಟ್ಟಾಗಿ, ಇನ್ನೊಮ್ಮೆ ಹೀಗೆ ಮಾಡಿದರೆ ನಂಟು ಮುಗಿಯಿತು ಎಂದು ಬರೆದ. ಅದೇ ಬರ್ನ್ಸ್ 1796ರ ಜುಲೈ 12ರಂದು, ಬಟ್ಟೆ ವ್ಯಾಪಾರಿಯ ಸಾಲಕ್ಕೆ ಜೈಲಿಗೆ ಹೋಗಬೇಕಾದೀತೆಂದು ಹೆದರಿ, ಅದೇ ಥಾಮ್ಸನ್ ಬಳಿ ಐದು ಪೌಂಡಿಗಾಗಿ ಅಂಗಲಾಚಿದ. ಥಾಮ್ಸನ್ ಕಳಿಸಿಕೊಟ್ಟರು. ಒಂಬತ್ತು ದಿನಕ್ಕೆ ಕವಿ ಇಲ್ಲವಾದ. ಆ ಎರಡು ಕಾಗದಗಳನ್ನು ಓದುವಾಗ ನನಗೆ ಕರುಳು ಹಿಂಡಿದಂತಾಗುತ್ತದೆ. ಇಷ್ಟು ದೊಡ್ಡ ನಾಟಕ ಆ ಬದುಕಿನಲ್ಲೇ ಇರುವಾಗ ಪೋಸ್ಟರಿನ ಮೇಲೆ ಪ್ರೇಮಗಳನ್ನಷ್ಟೇ ಏಕೆ ಬರೆಯಬೇಕು?

ಪ್ರೇಮದ ಕತೆಯೇ ಬೇಕೆಂದರೂ ಹೆಂಡತಿ ಜೀನ್ ಆರ್ಮರ್ ಒಬ್ಬಳೇ ಸಾಕು. ಅವಳ ಕಂಠವನ್ನು ಬರ್ನ್ಸ್ ಬಾಯ್ತುಂಬ ಹೊಗಳಿದ್ದಾನೆ; ಗಂಡನ ಹಾಡುಗಳು ಅವಳಿಗೆ ಬಾಯಿಪಾಠ. ಅವನಿಗೆ ಬೇರೊಬ್ಬಳಲ್ಲಿ ಹುಟ್ಟಿದ ಹೆಣ್ಣುಮಗುವನ್ನು ತನ್ನ ಮಕ್ಕಳೊಂದಿಗೆ ಸಾಕಿದಳು. ಅವನ ಅಂತ್ಯಕ್ರಿಯೆಯ ದಿನವೇ ಕೊನೆಯ ಮಗನನ್ನು ಹೆತ್ತಳು. ಆಮೇಲೆ ಡಮ್‌ಫ್ರೀಸಿನಲ್ಲಿ 38 ವರ್ಷ ಬಾಳಿದಳು. ಅಂಥವಳನ್ನು ಹಲವು ಪ್ರೇಯಸಿಯರಲ್ಲಿ ಒಬ್ಬಳಾಗಿಸುವ ಶೀರ್ಷಿಕೆಯನ್ನು ನಾನು ಒಪ್ಪಲಾರೆ.